ಕಟಕಟೆಯಲ್ಲಿ ನಿಂತ ಕ್ಯಾಮೆರಾ

ಡಾಕ್ಯುಮೆಂಟರಿ ಎನ್ನುವುದನ್ನು ಕನ್ನಡದಲ್ಲಿ ನಾವು ಸಾಕ್ಷ್ಯಚಿತ್ರ ಎನ್ನುತ್ತೇವೆ. ಈ ಪದವನ್ನು ಮೊದಲು ಬಳಕೆಗೆ ತಂದವರಿಗೆ ನಾವು ಋಣಿಗಳಾಗಿರಬೇಕು. ದಾಖಲೆ ಎಂದಿದ್ದರೆ ಅದು ಕಚೇರಿಯ ಕಪಾಟಿನಲ್ಲಿ ಧೂಳು ಹಿಡಿಯುವ ಕಾಗದವಾಗುತ್ತಿತ್ತು. ಸಾಕ್ಷ್ಯ ಎಂದೊಡನೆ ಒಬ್ಬ ಮನುಷ್ಯ ಕಣ್ಣೆದುರು ಬಂದು ನಿಲ್ಲುತ್ತಾನೆ. ನಾನು ಅಲ್ಲಿದ್ದೆ, ಕಣ್ಣಾರೆ ಕಂಡೆ, ಕಂಡದ್ದನ್ನು ಹೇಳುತ್ತಿದ್ದೇನೆ ಎನ್ನುತ್ತಾನೆ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಕಟ್ಟಳೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿ ಬೆಳೆದ ನಮಗೆ ಆ ಮನುಷ್ಯನನ್ನು ಕೇಳಬೇಕಾದ ಪ್ರಶ್ನೆಗಳಿವೆ. ನೀನು ಯಾರ ಪಕ್ಕದಲ್ಲಿ ನಿಂತು ಕಂಡೆ? ಕಂಡದ್ದನ್ನೆಲ್ಲ ಹೇಳಿದೆಯಾ? ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರು?

ಪ್ರಿಯ ಓದುಗರೇ, ಈ ಪ್ರಶ್ನೆಗಳನ್ನು ಇಟ್ಟುಕೊಂಡು ಒಬ್ಬ ದೊಡ್ಡ ಕಲಾವಿದರ ಬದುಕನ್ನು ನಿಮ್ಮೊಡನೆ ಪರಿಶೀಲಿಸಬೇಕೆಂಬುದು ನನ್ನ ಬಯಕೆ. ಅವರ ಹೆಸರು ಯೋರಿಸ್ ಇವೆನ್ಸ್. 1898ರಲ್ಲಿ ಹಾಲೆಂಡಿನ ನೈಮೇಖನ್ ಪಟ್ಟಣದ ಕಥೋಲಿಕ ಮನೆತನವೊಂದರಲ್ಲಿ ಹುಟ್ಟಿದವರು. ಅಜ್ಜ ಛಾಯಾಚಿತ್ರಗಾರ, ತಂದೆ ಕ್ಯಾಮೆರಾ ಅಂಗಡಿಗಳ ಒಡೆಯ. ಹದಿಮೂರರ ವಯಸ್ಸಿನಲ್ಲೇ ಮನೆಯವರಿಗೆಲ್ಲ ವೇಷ ಹಾಕಿಸಿ ಒಂದು ಪುಟ್ಟ ಚಲನಚಿತ್ರ ತೆಗೆದ ಹುಡುಗ, ತೊಂಬತ್ತರ ಹೊಸ್ತಿಲಲ್ಲಿ ತನ್ನ ಕೊನೆಯ ಚಿತ್ರವನ್ನು ಮುಗಿಸಿದರು. ನಡುವಣ ಅವಧಿಯಲ್ಲಿ ರಷ್ಯಾ, ಬೆಲ್ಜಿಯಂ, ಸ್ಪೇನ್, ಚೀನಾ, ಅಮೆರಿಕ, ಆಸ್ಟ್ರೇಲಿಯಾ, ಪೋಲೆಂಡ್, ಚಿಲಿ, ಕ್ಯೂಬಾ, ವಿಯೆಟ್ನಾಂಗಳಲ್ಲಿ ಕೆಲಸ ಮಾಡಿದರು. ಬಾಲ್ಯದ ವಿಶ್ವಾಸವನ್ನು ಅವರು ಉಳಿಸಿಕೊಳ್ಳಲಿಲ್ಲ. ಆ ಸ್ಥಳದಲ್ಲಿ ಕಮ್ಯುನಿಸಂ ಬಂದು ಕುಳಿತಿತು. ಹಾಗಿರುವಾಗ ನಮ್ಮ ಪುಟಗಳಲ್ಲಿ ಅವರೇಕೆ ಎಂದು ನೀವು ಕೇಳಬಹುದು. ಬಡವನ ಪಕ್ಷ ವಹಿಸುವುದು ಸತ್ಯದ ಪಕ್ಷ ವಹಿಸುವುದಕ್ಕೆ ಸಮವೇ ಎಂಬ ಪ್ರಶ್ನೆ ನಮ್ಮದೂ ಆಗಿರುವುದರಿಂದ ಎಂಬುದೇ ನನ್ನ ಉತ್ತರ. ಆ ಪ್ರಶ್ನೆಯನ್ನು ಅವರ ಚಿತ್ರಗಳಷ್ಟು ಕಟುವಾಗಿ ನಮ್ಮ ಮುಂದಿಡುವ ಚಿತ್ರಗಳು ಕಡಿಮೆ.

ಮೊದಲು ಅವರು ಪಕ್ಷವಿಲ್ಲದ ಕಣ್ಣಿನಿಂದ ನೋಡಿದರು. 1928ರಲ್ಲಿ ರೋಟರ್‌ಡ್ಯಾಮಿನ ರೈಲ್ವೆ ಸೇತುವೆಯೊಂದು ಮೇಲೇಳುವುದನ್ನೂ ಇಳಿಯುವುದನ್ನೂ ಚಿತ್ರಿಸಿ 'ಸೇತುವೆ' ಎಂದು ಹೆಸರಿಟ್ಟರು. ಮರುವರ್ಷ ಮಾನಸ್ ಫ್ರಾಂಕನ್ ಜೊತೆಗೂಡಿ 'ಮಳೆ'. ಆಮ್‌ಸ್ಟರ್‌ಡ್ಯಾಮ್ ನಗರದ ಮೇಲೆ ಒಂದು ಮಳೆ ಬಂದು ಹೋಗುತ್ತದೆ, ಅಷ್ಟೇ ಕಥೆ. ಕಾಲುವೆಯ ನೀರಿನ ಮೇಲೆ ಮೊದಲ ಹನಿ, ಕೊಡೆಗಳ ಸಾಲು, ಟ್ರಾಮಿನ ಕಿಟಕಿಯ ಗಾಜಿನಲ್ಲಿ ಇಳಿಯುವ ನೀರು, ಮತ್ತೆ ಬಿಸಿಲು. ಹದಿನೈದು ನಿಮಿಷಕ್ಕೂ ಕಡಿಮೆ. ಒಂದೇ ಮಳೆಯಂತೆ ಕಾಣುವ ಇದನ್ನು ತೆಗೆಯಲು ತಿಂಗಳುಗಟ್ಟಲೆ ಹಲವು ಮಳೆಗಳು ಬೇಕಾದವು. ರಾತ್ರಿ ಮಲಗುವಾಗಲೂ ಕ್ಯಾಮೆರಾ ಹಾಸಿಗೆಯ ಪಕ್ಕದಲ್ಲೇ ಇರುತ್ತಿತ್ತಂತೆ. ಜೂನ್ ತಿಂಗಳಲ್ಲಿ ಮಾಡಿನ ಅಂಚಿನಿಂದ ನೀರು ಸುರಿಯುವುದನ್ನು ನೋಡುತ್ತ ಬೆಳೆದ ನಮಗೆ ಈ ಚಿತ್ರಕ್ಕೆ ಪೀಠಿಕೆ ಬೇಕಿಲ್ಲ. ನಿಮ್ಮ ಮಕ್ಕಳಿಗೂ ತೋರಿಸಿ.

ಆದರೆ ಮಳೆಯಲ್ಲಿ ತೊಯ್ಯುವವರು ಎಲ್ಲರೂ ಸಮಾನರಲ್ಲ ಎಂಬುದು ಇವೆನ್ಸರಿಗೆ ಬೇಗನೆ ತಿಳಿಯಿತು. ಹಾಲೆಂಡ್ ಸಮುದ್ರವನ್ನು ಹಿಂದಕ್ಕೆ ತಳ್ಳಿ ಭೂಮಿ ಪಡೆಯುವ ಮಹಾಕಾರ್ಯದಲ್ಲಿ ತೊಡಗಿದ್ದ ಕಾಲ ಅದು. 1932ರ ಮೇ ತಿಂಗಳಲ್ಲಿ ಆ ದೊಡ್ಡ ಕಟ್ಟೆಯ ಕೊನೆಯ ಕಂಡಿ ಮುಚ್ಚಿತು. 'ಹೊಸ ನೆಲ' ಎಂಬ ಚಿತ್ರದಲ್ಲಿ ಇವೆನ್ಸ್ ಅದನ್ನು ಯುದ್ಧದಂತೆ ತೋರಿಸುತ್ತಾರೆ. ಅಲೆ ಒಂದೆಡೆ, ಮಣ್ಣು ಸುರಿಯುವ ಯಂತ್ರಗಳು ಇನ್ನೊಂದೆಡೆ. ಮಣ್ಣು ಗೆಲ್ಲುತ್ತದೆ, ಗೋಧಿ ಬೆಳೆಯುತ್ತದೆ. ಇಲ್ಲಿಗೆ ಚಿತ್ರ ಮುಗಿದಿದ್ದರೆ ಸರಕಾರ ಹಾರ ಹಾಕಿ ಸನ್ಮಾನಿಸುತ್ತಿತ್ತು. ಮುಗಿಯುವುದಿಲ್ಲ. ಜಗತ್ತಿನ ಮಾರುಕಟ್ಟೆಯಲ್ಲಿ ಧಾನ್ಯದ ಬೆಲೆ ಕುಸಿದಿದೆ, ಬೆಲೆಯನ್ನು ಕಾಪಾಡಲು ಧಾನ್ಯವನ್ನು ಸಮುದ್ರಕ್ಕೆ ಸುರಿಯುತ್ತಿದ್ದಾರೆ, ಹಸಿದವರು ಬೀದಿಯಲ್ಲಿದ್ದಾರೆ. ಸಮುದ್ರದಿಂದ ಕಿತ್ತುಕೊಂಡ ನೆಲದ ಕಥೆ ಸಮುದ್ರಕ್ಕೇ ಎಸೆದ ಅನ್ನದಲ್ಲಿ ಕೊನೆಗೊಳ್ಳುತ್ತದೆ. ಹನ್ಸ್ ಐಸ್ಲರರ ಸಂಗೀತ ಅಲ್ಲಿ ಚಾಟಿಯ ಹಾಗೆ ಬೀಸುತ್ತದೆ.

ಅದೇ 1933ರಲ್ಲಿ ಬೆಲ್ಜಿಯಂನ ಆನ್ರಿ ಸ್ಟೋರ್ಕ್ ಎಂಬ ತರುಣ ನಿರ್ದೇಶಕರೊಡನೆ ಸೇರಿ 'ಬೊರಿನಾಜಿನ ಬವಣೆ'ಯನ್ನು ತೆಗೆದರು. ಬೊರಿನಾಜ್ ದಕ್ಷಿಣ ಬೆಲ್ಜಿಯಂನ ಕಲ್ಲಿದ್ದಲು ಗಣಿಗಳ ಸೀಮೆ. ಆ ಹೆಸರನ್ನು ನೀವು ಬೇರೊಂದು ಸಂದರ್ಭದಲ್ಲಿ ಕೇಳಿರಬಹುದು. ಚಿತ್ರಕಾರ ವ್ಯಾನ್ ಗಾಗ್ ಬಣ್ಣದ ಕುಂಚ ಹಿಡಿಯುವುದಕ್ಕೆ ಮೊದಲು, 1878ರ ಕೊನೆಯಲ್ಲಿ, ಶುಭಸಂದೇಶ ಬೋಧಕನಾಗಿ ಹೋದದ್ದು ಅಲ್ಲಿಗೇ. ತನ್ನ ಬಟ್ಟೆಬರೆಯನ್ನು ಗಣಿಯವರಿಗೆ ಕೊಟ್ಟು ಹುಲ್ಲಿನ ಮೇಲೆ ಮಲಗಿದ ಆ ಬೋಧಕನ ಅತಿರೇಕ ಕಂಡು, ಕಳುಹಿಸಿದ ಮಂಡಳಿಯೇ ಮರುವರ್ಷ ಕೈಬಿಟ್ಟಿತು. ಐವತ್ತಕ್ಕೂ ಹೆಚ್ಚು ವರ್ಷಗಳ ಅನಂತರ ಮತ್ತೊಬ್ಬ ಡಚ್ಚರು ಅದೇ ಊರುಗಳಿಗೆ ಬಂದಾಗ ಬಡತನ ಬದಲಾಗಿರಲಿಲ್ಲ. 1932ರ ಮುಷ್ಕರ ಸೋತಿತ್ತು. ಮುಷ್ಕರದಲ್ಲಿ ಮುಂದಿದ್ದವರಿಗೆ ಕೆಲಸವಿಲ್ಲ, ಕೆಲಸವಿಲ್ಲದವರಿಗೆ ಕಂಪನಿಯ ಮನೆಯಿಲ್ಲ. ಕಲ್ಲಿದ್ದಲಿನ ಗುಡ್ಡಗಳ ನಡುವೆ ವಾಸಿಸುವ ಜನ ಒಲೆಗೆ ಕಲ್ಲಿದ್ದಲಿಲ್ಲದೆ, ಗಣಿಯ ತ್ಯಾಜ್ಯದ ರಾಶಿಯಲ್ಲಿ ತುಣುಕುಗಳನ್ನು ಹೆಕ್ಕುತ್ತಾರೆ. ಪೊಲೀಸರ ಕಣ್ಣು ತಪ್ಪಿಸಿ, ಗಣಿಯವರ ಮನೆಗಳ ಆಸರೆಯಲ್ಲೇ ಚಿತ್ರೀಕರಣ ನಡೆಯಿತು.

ಈ ಚಿತ್ರದ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಅಂದವನ್ನು ದೂರವಿಟ್ಟದ್ದು. 'ಮಳೆ'ಯಲ್ಲಿ ಪ್ರತಿ ಹನಿಯನ್ನೂ ಮುತ್ತಾಗಿಸಿದ ಕೈ ಅದು. ತೊಳೆಯದ ತಟ್ಟೆಗಳ ಮೇಲೆ ಕಿಟಕಿಯ ನೆರಳು ಸೊಗಸಾಗಿ ಬಿದ್ದರೆ, ಆ ಸೊಗಸು ನೋಡುಗನ ಮನಸ್ಸನ್ನು ಕೊಳಕಿನಿಂದ ಬೇರೆಡೆಗೆ ಸೆಳೆದೀತೆಂದು ಅದನ್ನು ತಪ್ಪಿಸಿದೆವು ಎಂಬರ್ಥದಲ್ಲಿ ಇವೆನ್ಸ್ ಅನಂತರ ಬರೆದಿದ್ದಾರೆ. ಹಸಿವನ್ನು ಕ್ಯಾಲೆಂಡರಿನ ಚಿತ್ರವಾಗಿಸುವ ನಮ್ಮ ಕಾಲದ ಎಷ್ಟೋ ದೇಣಿಗೆ ಸಂಗ್ರಹದ ಪೋಸ್ಟರುಗಳನ್ನು ನೋಡುವಾಗ ನನಗೆ ಈ ಮಾತು ನೆನಪಾಗುತ್ತದೆ.

ಎರಡನೆಯದು ಹೆಚ್ಚು ಮುಖ್ಯ. ಸಾಲ ತೀರಿಸದ ಮನೆಯ ಸಾಮಾನುಗಳನ್ನು ಹೊತ್ತೊಯ್ಯಲು ಜಪ್ತಿಯವರು ಬರುತ್ತಾರೆ. ನೆರೆಹೊರೆಯವರು ಬಂದು ಕುರ್ಚಿ, ಮಂಚ, ಮೇಜುಗಳ ಮೇಲೆ ಸುಮ್ಮನೆ ಕುಳಿತುಬಿಡುತ್ತಾರೆ. ಜನ ಕುಳಿತಿರುವ ಕುರ್ಚಿಯನ್ನು ಹೊತ್ತೊಯ್ಯುವುದು ಹೇಗೆ? ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಈ ದೃಶ್ಯ ನಡೆದ ಘಟನೆಯ ಮರುಅಭಿನಯ. ಮಾರ್ಕ್ಸರ ಭಾವಚಿತ್ರ ಹೊತ್ತ ಮೆರವಣಿಗೆಯೂ ಹಾಗೆಯೇ ಚಿತ್ರಕ್ಕಾಗಿ ಏರ್ಪಡಿಸಿದ್ದು. ಆದರೆ ಅದು ಹೊರಟದ್ದೇ ತಡ, ಜನ ತಾವಾಗಿಯೇ ಮುಷ್ಟಿ ಎತ್ತಿ ನಿಜವಾದ ಮೆರವಣಿಗೆಯನ್ನೇ ನಡೆಸಿದರು, ನಿಜವಾದ ಪೊಲೀಸರೂ ಬಂದರು. ಹಾಗಾದರೆ ಇದು ಸುಳ್ಳುಸಾಕ್ಷಿಯೇ? ನನ್ನ ಮಟ್ಟಿಗೆ ಅಲ್ಲ. ತಮ್ಮ ಬದುಕಿನಲ್ಲಿ ನಡೆದದ್ದನ್ನು, ನಡೆದ ಸ್ಥಳದಲ್ಲಿ, ಅದನ್ನು ಅನುಭವಿಸಿದ ಜನರೇ ಮತ್ತೊಮ್ಮೆ ಮಾಡಿ ತೋರಿಸಿದ್ದಾರೆ. ಶುಭಶುಕ್ರವಾರ ನಮ್ಮ ಚರ್ಚಿನ ವಠಾರದಲ್ಲಿ ಶಿಲುಬೆಯ ಹಾದಿಯನ್ನು ಅಭಿನಯಿಸುವ ಯುವಕರನ್ನು ಸುಳ್ಳುಗಾರರೆಂದು ನಾವು ಕರೆಯುತ್ತೇವೆಯೇ? ಬೆಲ್ಜಿಯಂನಲ್ಲೂ ಹಾಲೆಂಡಿನಲ್ಲೂ ಚಿತ್ರಮಂದಿರಗಳಲ್ಲಿ ಈ ಚಿತ್ರದ ಪ್ರದರ್ಶನವನ್ನು ತಡೆಯಲಾಯಿತು. ಅದರಲ್ಲಿ ಸುಳ್ಳಿದೆ ಎಂಬುದಕ್ಕಲ್ಲ.

ಇದೇ ಹೊತ್ತಿನಲ್ಲಿ ಅವರು ಸೋವಿಯತ್ ರಷ್ಯಾದಲ್ಲಿ ಮ್ಯಾಗ್ನಿಟೊಗೋರ್ಸ್ಕ್ ಉಕ್ಕಿನ ನಗರದ ನಿರ್ಮಾಣವನ್ನು ಚಿತ್ರಿಸಿದ್ದರು. ಊರು ಬಿಡಿಸಿ ಅಲ್ಲಿಗೆ ಅಟ್ಟಲ್ಪಟ್ಟ ಸಾವಿರಾರು ರೈತ ಕುಟುಂಬಗಳಿಗೆ ಆ ಚಿತ್ರದಲ್ಲಿ ಸ್ಥಾನವಿಲ್ಲ, ಉತ್ಸಾಹದ ತರುಣರಷ್ಟೇ ಇದ್ದಾರೆ. ಬೊರಿನಾಜಿನಲ್ಲಿ ಮನೆ ಕಳೆದುಕೊಂಡವರನ್ನು ಕಂಡ ಕಣ್ಣು ಅಲ್ಲಿ ಮನೆ ಕಳೆದುಕೊಂಡವರನ್ನು ಕಾಣಲಿಲ್ಲ. ಈ ಬಿರುಕನ್ನು ನೆನಪಿನಲ್ಲಿಡಿ, ಮುಂದೆ ಅಗಲವಾಗುತ್ತದೆ.

ಈಗ ಸ್ಪೇನ್. ಕ್ರೈಸ್ತ ಓದುಗರಿಗೆ ಇಲ್ಲಿ ಮನಸ್ಸು ಭಾರವಾಗುವುದು ಸಹಜ. 1936ರ ಜುಲೈನಲ್ಲಿ ಜನರಲ್ ಫ್ರಾಂಕೊ ಮತ್ತು ಸಂಗಡಿಗರು ಗಣರಾಜ್ಯದ ವಿರುದ್ಧ ದಂಗೆ ಎದ್ದರು. 1937ರ ಮೊದಲ ತಿಂಗಳುಗಳಲ್ಲಿ ಇವೆನ್ಸ್ ಗಣರಾಜ್ಯದ ಪಕ್ಷದಲ್ಲಿ ನಿಂತು 'ಸ್ಪೇನಿನ ನೆಲ'ವನ್ನು ಚಿತ್ರಿಸಿದರು. ನಿರೂಪಣೆ ಬರೆದು, ಕೊನೆಗೆ ತಮ್ಮದೇ ದನಿಯಲ್ಲಿ ಓದಿದವರು ಅರ್ನೆಸ್ಟ್ ಹೆಮಿಂಗ್ವೇ. ಯುದ್ಧದ ಚಿತ್ರವೆಂದು ನೋಡಲು ಕುಳಿತವರಿಗೆ ಮೊದಲು ಕಾಣುವುದು ಒಣಗಿದ ಹೊಲ. ಫ್ಯುಯೆಂತಿದ್ವೆನ್ಯಾ ಎಂಬ ಹಳ್ಳಿಯ ರೈತರು, ಜಮೀನುದಾರರ ಕಾಲದಲ್ಲಿ ಪಾಳುಬಿದ್ದಿದ್ದ ನೆಲಕ್ಕೆ ಕಾಲುವೆ ತೋಡಿ ನೀರು ಹಾಯಿಸುತ್ತಿದ್ದಾರೆ. ಆ ಬೆಳೆ ಮುತ್ತಿಗೆಗೆ ಒಳಗಾದ ಮ್ಯಾಡ್ರಿಡ್ ನಗರಕ್ಕೆ ಅನ್ನ. ಒಂದೆಡೆ ನೀರು, ಇನ್ನೊಂದೆಡೆ ಬಾಂಬು. ಹುಲಿಯಾನ್ ಎಂಬ ರೈತಯೋಧನೊಬ್ಬನನ್ನು ಚಿತ್ರದುದ್ದಕ್ಕೂ ಹಿಂಬಾಲಿಸಬೇಕೆಂದಿದ್ದರು. ಯುದ್ಧದ ಗೊಂದಲದಲ್ಲಿ ಅವನು ಮತ್ತೆ ಸಿಗಲೇ ಇಲ್ಲ. ಅವನು ಮನೆಗೆ ಬಂದು ಹೋಗುವ ಚಿಕ್ಕ ದೃಶ್ಯವಷ್ಟೇ ಉಳಿಯಿತು. ಅದನ್ನು ನೋಡುವಾಗ, ಮನೆಯವರು ಇವನನ್ನು ಮತ್ತೆ ಕಂಡರೇ ಎಂಬ ಚಿಂತೆ ಚಿತ್ರ ಮುಗಿದ ಮೇಲೂ ಬಿಡುವುದಿಲ್ಲ.

ಇಷ್ಟು ಒಳ್ಳೆಯ ಚಿತ್ರದಲ್ಲಿ ಒಂದು ದೊಡ್ಡ ಮೌನವಿದೆ. ಆ ಯುದ್ಧದಲ್ಲಿ, ಬಹುಪಾಲು ಅದರ ಮೊದಲ ತಿಂಗಳುಗಳಲ್ಲೇ, ಗಣರಾಜ್ಯದ ಪಕ್ಷದ ಪ್ರದೇಶಗಳಲ್ಲಿ ಧರ್ಮಾಧ್ಯಕ್ಷರು, ಗುರುಗಳು, ಸನ್ಯಾಸಿಗಳು, ಕನ್ಯಾಸ್ತ್ರೀಯರು ಸೇರಿ ಸುಮಾರು 6,800 ಮಂದಿ ಕೊಲೆಯಾದರು. ಆ ವರ್ಷಗಳ ಹಿಂಸೆಗೆ ಬಲಿಯಾದ 498 ಮಂದಿಯನ್ನು 2007ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಧನ್ಯರೆಂದು ಘೋಷಿಸಿದ ಸುದ್ದಿಯನ್ನು ನೀವು ಓದಿರಬಹುದು. ಇವೆನ್ಸರ ಚಿತ್ರದಲ್ಲಿ ಅವರ ನೆರಳೂ ಇಲ್ಲ. 1937ರ ಜುಲೈ 8ರಂದು ಶ್ವೇತಭವನದಲ್ಲಿ ರೂಸ್‌ವೆಲ್ಟ್ ದಂಪತಿ ಈ ಚಿತ್ರ ನೋಡಿದಾಗ ಅವರಿಗೆ ಕಂಡದ್ದು ಅರ್ಧ ಸ್ಪೇನ್.

ಇಲ್ಲಿ ನಿಂತು ಕಲ್ಲೆತ್ತಿಕೊಳ್ಳುವ ಮುನ್ನ ಇನ್ನೊಂದು ದಿನಾಂಕವನ್ನೂ ನೋಡೋಣ. ಅದೇ ಜುಲೈ 1ರಂದು ಸ್ಪೇನಿನ ಧರ್ಮಾಧ್ಯಕ್ಷರು ಜಗತ್ತಿನ ಧರ್ಮಾಧ್ಯಕ್ಷರಿಗೆ ಸಾಮೂಹಿಕ ಪತ್ರವೊಂದನ್ನು ಬರೆದು ಫ್ರಾಂಕೊ ಪಕ್ಷವನ್ನು ಸಮರ್ಥಿಸಿದ್ದರು. ತಮ್ಮವರ ಸಾವನ್ನು ನೋವಿನಿಂದ ವಿವರಿಸಿದ ಆ ಪತ್ರ, ಫ್ರಾಂಕೊ ಪಡೆಗಳ ಗುಂಡಿಗೆ ಬಲಿಯಾದ ಸಾವಿರಾರು ಜನರ ವಿಷಯದಲ್ಲಿ ಬಹಳ ಮಿತವಾಗಿ ಮಾತಾಡಿತು. ಬಾಸ್ಕ್ ಸೀಮೆಯಲ್ಲಿ ಆ ಪಡೆಗಳು ಗುಂಡಿಟ್ಟವರಲ್ಲಿ ಕಥೋಲಿಕ ಗುರುಗಳೂ ಇದ್ದರು. ಒಂದೇ ವಾರದ ಅಂತರದಲ್ಲಿ ಎರಡು ಸಾಕ್ಷ್ಯಗಳು ಲೋಕದ ಮುಂದೆ ಬಂದವು. ಎರಡೂ ತಮ್ಮ ಹೆಣಗಳನ್ನು ಎಣಿಸಿದವು. ಇವೆನ್ಸರ ಮೌನವನ್ನು ನಾನು ತಪ್ಪೆಂದೇ ಹೇಳುತ್ತೇನೆ, ಆದರೆ ನಮ್ಮ ಮನೆಯ ಕಿಟಕಿಯಿಂದ ಹೇಳುವಾಗ ದನಿ ತಗ್ಗುತ್ತದೆ.

ಚೀನಾದ ಮೇಲೆ ಜಪಾನಿನ ದಾಳಿಯ ಚಿತ್ರವನ್ನೂ, ಓಹಾಯೊದ ರೈತಕುಟುಂಬವೊಂದಕ್ಕೆ ವಿದ್ಯುತ್ತು ಬಂದ ಕಥೆಯನ್ನೂ ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ. ಯುದ್ಧದ ಕೊನೆಗಾಲಕ್ಕೆ ಇವೆನ್ಸ್ ಸರಕಾರಿ ಅಧಿಕಾರಿಯಾಗಿದ್ದರು ಎಂದರೆ ನಂಬುತ್ತೀರಾ? ಡಚ್ ಈಸ್ಟ್ ಇಂಡೀಸ್, ಎಂದರೆ ಇಂದಿನ ಇಂಡೊನೇಷ್ಯಾದ ವಸಾಹತು ಸರಕಾರ 1944ರಲ್ಲಿ ಅವರನ್ನು ಚಲನಚಿತ್ರ ಆಯುಕ್ತರನ್ನಾಗಿ ನೇಮಿಸಿತು. 1945ರ ಆಗಸ್ಟಿನಲ್ಲಿ ಇಂಡೊನೇಷ್ಯಾ ಸ್ವಾತಂತ್ರ್ಯ ಸಾರಿತು. ಡಚ್ಚರು ಮತ್ತೆ ಒಡೆತನ ಸ್ಥಾಪಿಸಲು ಹೊರಟರು. ಆಸ್ಟ್ರೇಲಿಯಾದ ಬಂದರು ಕಾರ್ಮಿಕರು ಡಚ್ ಹಡಗುಗಳಿಗೆ ಸರಕು ತುಂಬಲು ನಿರಾಕರಿಸಿದರು. ಆ ನವೆಂಬರಿನಲ್ಲಿ ಇವೆನ್ಸ್ ಹುದ್ದೆಗೆ ರಾಜೀನಾಮೆ ಕೊಟ್ಟು, ಸಿಡ್ನಿಯಲ್ಲೇ ಕುಳಿತು ತಮ್ಮ ದೇಶದ ವಿರುದ್ಧ 'ಇಂಡೊನೇಷ್ಯಾ ಕರೆಯುತ್ತಿದೆ' ಎಂಬ ಚಿತ್ರ ತೆಗೆದರು. 1946ರಲ್ಲಿ ಹೊರಬಂದ ಅದು ಅರ್ಧ ಗಂಟೆಯೂ ಇಲ್ಲ.

ಅದರ ಹೃದಯಭಾಗದಲ್ಲಿ ಇರುವವರು ನಮ್ಮವರು. ಪಟ್ರಾಸ್ ಎಂಬ ಹಡಗು ಭಾರತೀಯ ನಾವಿಕರೊಡನೆ ಸಿಡ್ನಿ ಬಂದರಿನಿಂದ ಹೊರಟಿದೆ. ಮುಷ್ಕರ ನಿರತರು ಚಿಕ್ಕ ದೋಣಿಯಲ್ಲಿ ಬೆನ್ನಟ್ಟಿ, ಧ್ವನಿವರ್ಧಕದಲ್ಲಿ ಕೂಗಿ ಕರೆಯುತ್ತಾರೆ. ಹಡಗಿನೊಳಗಿನ ಭಾರತೀಯರು ಕೆಲಸ ನಿಲ್ಲಿಸುತ್ತಾರೆ, ಹಡಗು ಹಿಂದಿರುಗುತ್ತದೆ. ಇದೂ ಮರುಅಭಿನಯವೇ. ತಮ್ಮ ದೇಶಕ್ಕೇ ಇನ್ನೂ ಸ್ವಾತಂತ್ರ್ಯ ಬಂದಿರದ ಜನ ಇನ್ನೊಬ್ಬರ ಸ್ವಾತಂತ್ರ್ಯಕ್ಕಾಗಿ ಕೂಲಿ ಕಳೆದುಕೊಂಡ ಈ ಪ್ರಸಂಗ ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇವೆನ್ಸರಿಗೆ ಇದರ ಬೆಲೆಯೂ ಬಿತ್ತು. ಡಚ್ ಸರಕಾರ ಪಾಸ್‌ಪೋರ್ಟಿನ ವಿಷಯದಲ್ಲಿ ವರ್ಷಗಟ್ಟಲೆ ಸತಾಯಿಸಿತು. ಸುಮಾರು ಒಂದು ದಶಕ ಅವರು ಪೂರ್ವ ಯುರೋಪಿನ ಕಮ್ಯುನಿಸ್ಟ್ ದೇಶಗಳಲ್ಲಿ ನೆಲೆಸಿದರು. 1985ರಲ್ಲಿ ಡಚ್ ಸಚಿವರೊಬ್ಬರು ಪ್ಯಾರಿಸ್ಸಿಗೆ ಹೋಗಿ ಅವರಿಗೆ ಪ್ರಶಸ್ತಿ ನೀಡಿದಾಗ, ಆ ಹಳೆಯ ಜಗಳದಲ್ಲಿ ಚರಿತ್ರೆ ಇವೆನ್ಸರ ಪರವಾಗಿತ್ತೆಂದು ಒಪ್ಪಿಕೊಂಡರು. ಸಾಕ್ಷಿ ಹೇಳಿ ನಾಲ್ಕು ದಶಕ ಆಗಿತ್ತು.

ಪೂರ್ವ ಯುರೋಪಿನ ವರ್ಷಗಳ ಚಿತ್ರಗಳು ದೊಡ್ಡ ಗಾತ್ರದವು, ದೊಡ್ಡ ಘೋಷಣೆಯವು. ನನಗೆ ಅವುಗಳಲ್ಲಿ ಉಸಿರು ಕಟ್ಟುತ್ತದೆ. 1957ರಲ್ಲಿ ಪ್ಯಾರಿಸ್ಸಿನ ಸೆಯ್ನ್ ನದಿಯ ಮೇಲೆ ತೆಗೆದ ಕಿರುಚಿತ್ರದಲ್ಲಿ ಮತ್ತೆ 'ಮಳೆ'ಯ ಇವೆನ್ಸ್ ಸಿಗುತ್ತಾರೆ. ಕಾನ್ ಉತ್ಸವ ಅದಕ್ಕೆ ಪ್ರಶಸ್ತಿ ಕೊಟ್ಟಿತು. ಅರವತ್ತರ ದಶಕದಲ್ಲಿ ಮಾರ್ಸೆಲಿನ್ ಲೊರಿದಾನ್ ಅವರ ಸಂಗಾತಿಯಾದರು. ಹದಿನಾರರ ವಯಸ್ಸಿನಲ್ಲಿ ತಂದೆಯೊಡನೆ ಔಷ್‌ವಿಟ್ಸ್ ಶಿಬಿರಕ್ಕೆ ಸಾಗಿಸಲ್ಪಟ್ಟು, ತಂದೆಯಿಲ್ಲದೆ ಬದುಕಿ ಹಿಂದಿರುಗಿದ ಯೆಹೂದಿ ಮಹಿಳೆ. ಇಬ್ಬರೂ 1967ರಲ್ಲಿ ವಿಯೆಟ್ನಾಮಿನ ಹದಿನೇಳನೆಯ ಅಕ್ಷಾಂಶದ ಬಳಿ, ಅಮೆರಿಕದ ಬಾಂಬುಗಳ ಕೆಳಗೆ, ಸುರಂಗಗಳಲ್ಲಿ ವಾಸಿಸುತ್ತಿದ್ದ ರೈತರೊಡನೆ ಇದ್ದು ಚಿತ್ರ ತೆಗೆದರು. ಆಗ ಇವೆನ್ಸರಿಗೆ ಅರವತ್ತೆಂಟು ದಾಟಿತ್ತು.

ಇನ್ನು ನನಗೆ ಅತ್ಯಂತ ಕಷ್ಟದ ಭಾಗ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಸಾಂಸ್ಕೃತಿಕ ಕ್ರಾಂತಿ ಇನ್ನೂ ಮುಗಿದಿರದ ಚೀನಾದಲ್ಲಿ, ಪ್ರಧಾನಿ ಚೌ ಎನ್‌ಲೈ ಅವರ ಪ್ರೋತ್ಸಾಹದಿಂದ ಇಬ್ಬರೂ ದೀರ್ಘಕಾಲ ಸಂಚರಿಸಿ ಹನ್ನೆರಡು ಚಿತ್ರಗಳ ಮಾಲೆಯೊಂದನ್ನು ತಂದರು. ಹೆಸರು 'ಯುಕಾಂಗ್ ಬೆಟ್ಟಗಳನ್ನು ಸರಿಸಿದ ಬಗೆ', ಒಟ್ಟು ಅವಧಿ ಹನ್ನೆರಡು ಗಂಟೆಗೂ ಹೆಚ್ಚು. 1976ರಲ್ಲಿ ಪ್ಯಾರಿಸ್ಸಿನಲ್ಲಿ ಬಿಡುಗಡೆಯಾಯಿತು. ಇಲ್ಲಿ ಬೊರಿನಾಜಿನಂತೆ ಅಭಿನಯವನ್ನು ಅವಲಂಬಿಸಿಲ್ಲ. ಹಗುರ ಕ್ಯಾಮೆರಾ, ಜನರ ಸ್ವಂತ ದನಿ, ಸಾವಧಾನದ ಮಾತುಕತೆ. ಅದರಲ್ಲೊಂದು ಚೆಂಡಿನ ಕಥೆ. ಬೀಜಿಂಗಿನ ಶಾಲೆಯೊಂದರಲ್ಲಿ ಗಂಟೆ ಬಾರಿಸಿದ ಮೇಲೂ ಹುಡುಗನೊಬ್ಬ ಚೆಂಡನ್ನು ಒದೆಯುತ್ತಾನೆ, ಅದು ಅಧ್ಯಾಪಕಿಯತ್ತ ಹಾರುತ್ತದೆ, ಆಕೆ ಚೆಂಡನ್ನು ಕಿತ್ತುಕೊಳ್ಳುತ್ತಾರೆ. ತಪ್ಪು ಯಾರದು ಎಂದು ತರಗತಿಯೇ ಕುಳಿತು ಚರ್ಚಿಸುತ್ತದೆ. ಹುಡುಗ ಸಂಕೋಚಪಡುತ್ತಾನೆ, ಅಧ್ಯಾಪಕಿಯೂ ತನ್ನ ಕೋಪವನ್ನು ಒಪ್ಪಿಕೊಳ್ಳುತ್ತಾರೆ, ಕೈಕುಲುಕುತ್ತಾರೆ. ಹತ್ತೊಂಬತ್ತು ಇಪ್ಪತ್ತು ನಿಮಿಷಗಳ ಈ ಚಿತ್ರ ಮನಸ್ಸನ್ನು ಗೆಲ್ಲುತ್ತದೆ. 1977ರಲ್ಲಿ ಫ್ರಾನ್ಸಿನ ಸೀಸರ್ ಪ್ರಶಸ್ತಿ ಅದಕ್ಕೆ ಬಂತು.

ಅದೇ ಬೀಜಿಂಗಿನ ಇನ್ನೊಂದು ಶಾಲೆಯಲ್ಲಿ, 1966ರ ಆಗಸ್ಟ್ 5ರಂದು, ಉಪಮುಖ್ಯೋಪಾಧ್ಯಾಯಿನಿಯೊಬ್ಬರನ್ನು ಅವರ ವಿದ್ಯಾರ್ಥಿನಿಯರೇ ಹೊಡೆದು ಕೊಂದಿದ್ದರು. ಇದನ್ನು ತಿಳಿದ ಮೇಲೆ ಆ ಚೆಂಡಿನ ಚಿತ್ರವನ್ನು ಮತ್ತೆ ನೋಡಿ. ಅಧ್ಯಾಪಕಿ ಮಕ್ಕಳ ಮುಂದೆ ತಪ್ಪೊಪ್ಪಿಕೊಳ್ಳುವಾಗ ಆಕೆಯ ಮುಖದಲ್ಲಿರುವುದು ವಿನಯವೋ ಭಯವೋ ಎಂದು ಹೇಳಲಾರಿರಿ. ಕ್ಯಾಮೆರಾ ಆ ಪ್ರಶ್ನೆಯನ್ನು ಕೇಳುವುದಿಲ್ಲ. ಮಾಲೆಯ ಇನ್ನೊಂದು ಚಿತ್ರ ಶಾಂಘೈಯ ಔಷಧದಂಗಡಿಯದು. ನಗುಮೊಗದ ನೌಕರರು ರೋಗಿಗಳನ್ನು ಉಪಚರಿಸುತ್ತಾರೆ. ಅದೇ ಶಾಂಘೈಯ ಕಥೋಲಿಕ ಧರ್ಮಾಧ್ಯಕ್ಷ ಇಗ್ನೇಷಿಯಸ್ ಕುಂಗ್ ಅವರು 1955ರಿಂದ ಬಂಧನದಲ್ಲಿದ್ದರು. ಬಿಡುಗಡೆಯಾದದ್ದು 1985ರಲ್ಲಿ, ಮೂವತ್ತು ವರ್ಷಗಳ ಮೇಲೆ. ದೇವಾಲಯಗಳು ಮುಚ್ಚಿದ್ದವು. ಹನ್ನೆರಡು ಗಂಟೆಗಳ ಚಿತ್ರದಲ್ಲಿ ಸೆರೆಮನೆಗೆ ಒಂದು ನಿಮಿಷವೂ ಸಿಗಲಿಲ್ಲ.

ಹೀಗಾಗಿ ನನ್ನ ವಿಮರ್ಶೆ ತಲೆಕೆಳಗಾದ ತೀರ್ಮಾನಕ್ಕೆ ಬಂದು ನಿಲ್ಲುತ್ತದೆ. ಅಭಿನಯ ಮಾಡಿಸಿ ತೆಗೆದ ಬೊರಿನಾಜಿನ ದೃಶ್ಯ ನಿಜ ಹೇಳುತ್ತದೆ. ಅಭಿನಯವಿಲ್ಲದೆ ತೆಗೆದ ಚೀನಾದ ಮಾತುಕತೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಬೊರಿನಾಜಿನಲ್ಲಿ ಅವರು ಪೊಲೀಸರಿಂದ ಅಡಗಿಕೊಂಡಿದ್ದರು, ಸಿಡ್ನಿಯಲ್ಲಿ ಹುದ್ದೆ ಬಿಟ್ಟು ನಿಂತಿದ್ದರು. ಬೀಜಿಂಗಿನಲ್ಲಿ ಅವರು ಸರಕಾರದ ಅತಿಥಿ. ಅತಿಥಿಗೆ ಮನೆಯ ಯಾವ ಕೋಣೆ ತೋರಿಸುತ್ತಾರೆಂದು ಗೃಹಸ್ಥರಾದ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಧರ್ಮಕೇಂದ್ರದ ಜುಬಿಲಿಯ ವೀಡಿಯೊದಲ್ಲಿ ಕೂಡ ದಾನಿಗಳ ಮುಖ ಎಷ್ಟು ಸಲ ಬರುತ್ತದೆ, ಜಗಳವಾಡಿ ಚರ್ಚಿಗೆ ಬರುವುದನ್ನೇ ಬಿಟ್ಟ ಆ ಎರಡು ಮನೆಗಳು ಎಷ್ಟು ಸಲ ಬರುತ್ತವೆ? ಇವೆನ್ಸ್ ದುಡ್ಡಿಗಾಗಿ ಸುಳ್ಳು ಹೇಳಿದವರಲ್ಲ. ಪ್ರೀತಿಸಿದ್ದರಿಂದ ಕುರುಡಾದರು. ಶಿಬಿರವನ್ನು ಸ್ವತಃ ಕಂಡು ಬಂದಿದ್ದ ಲೊರಿದಾನ್ ಕೂಡ ಆ ಗೋಡೆಗಳ ಹಿಂದೆ ಏನಿತ್ತೆಂದು ಕಾಣಲಿಲ್ಲ ಎನ್ನುವಾಗ, ನಾನಿದ್ದರೆ ಕಾಣುತ್ತಿದ್ದೆ ಎನ್ನುವ ಧೈರ್ಯ ನನಗಿಲ್ಲ.

ಬಿಡುಗಡೆಯಾದ ವರ್ಷವೇ ಮಾವೊ ತೀರಿಕೊಂಡರು. ಸಾಂಸ್ಕೃತಿಕ ಕ್ರಾಂತಿಯ ಕ್ರೌರ್ಯದ ಸುದ್ದಿ ಒಂದೊಂದಾಗಿ ಹೊರಬಿತ್ತು. ಸುಮಾರು ಒಂದು ದಶಕ ಇವೆನ್ಸರಿಂದ ದೊಡ್ಡ ಚಿತ್ರ ಬರಲಿಲ್ಲ. ಬಂದದ್ದು 1988ರಲ್ಲಿ, 'ಗಾಳಿಯ ಕಥೆ'. ಮತ್ತೆ ಲೊರಿದಾನ್ ಜೊತೆ, ಮತ್ತೆ ಚೀನಾದಲ್ಲೇ. ಈ ಸಲ ಅತಿಥಿ ಬೇರೆಯಾಗಿದ್ದಾರೆ. ಮಣ್ಣಿನ ಸೈನಿಕರ ಪ್ರಸಿದ್ಧ ಸಮಾಧಿಯನ್ನು ಚಿತ್ರಿಸಲು ಹೋದರೆ ಅಧಿಕಾರಿಗಳು ನಿಮಿಷಗಳ ಲೆಕ್ಕದಲ್ಲಿ ಚೌಕಾಸಿ ಮಾಡುತ್ತಾರೆ. ಆ ಚೌಕಾಸಿಯನ್ನೇ ಇವೆನ್ಸ್ ಚಿತ್ರದಲ್ಲಿಟ್ಟು, ಅಂಗಡಿಯಲ್ಲಿ ಸಿಗುವ ಸೈನಿಕರ ಪ್ರತಿಕೃತಿಗಳನ್ನು ಸಾಲಾಗಿ ನಿಲ್ಲಿಸಿ ತಮ್ಮ ದೃಶ್ಯ ಮಾಡಿಕೊಳ್ಳುತ್ತಾರೆ. ಹಿಂದಿನ ಹನ್ನೆರಡು ಗಂಟೆಗಳಲ್ಲಿ ಮುಚ್ಚಿಟ್ಟ ಬಾಗಿಲು ಇಲ್ಲಿ ಒಂದು ಬೆರಳಿನಷ್ಟು ತೆರೆಯುತ್ತದೆ. ಅಷ್ಟು ಸಾಕೇ? ಸಾಲದು. ಅವರು ತಪ್ಪೊಪ್ಪಿಗೆ ಮಾಡಿದರೆಂದು ನಾನು ಹೇಳಲಾರೆ, ಹಲವು ವಿಮರ್ಶಕರು ಹಾಗೆ ಓದುತ್ತಾರಾದರೂ.

ಕಟ್ಟಾ ಉಬ್ಬಸದ ರೋಗಿಯಾದ ಮುದುಕ ಗಾಳಿಯನ್ನು ಚಿತ್ರಿಸಲು ಹೊರಟಿದ್ದಾರೆ. ತನಗೆ ಉಸಿರಾಡಲು ಸಾಲದ ಗಾಳಿಯನ್ನು, ಕಣ್ಣಿಗೆ ಕಾಣದ ಗಾಳಿಯನ್ನು. ಮರಳುಗಾಡಿನಲ್ಲಿ ಕುರ್ಚಿ ಹಾಕಿ, ಬಿಳಿಗೂದಲಿನ ಇವೆನ್ಸ್ ಸುಮ್ಮನೆ ಕುಳಿತು ಕಾಯುತ್ತಾರೆ. ಜೊತೆಗಾರರು ಉಪಕರಣಗಳನ್ನು ಹಿಡಿದು ಬಿಸಿಲಿನಲ್ಲಿ ಬೇಸತ್ತಿದ್ದಾರೆ, ಗಾಳಿ ಬರುವುದಿಲ್ಲ. ಒಮ್ಮೆ ಕುಸಿದು ಬೀಳುತ್ತಾರೆ, ಆಸ್ಪತ್ರೆಗೆ ಒಯ್ಯುತ್ತಾರೆ, ಮತ್ತೆ ಬಂದು ಕೂರುತ್ತಾರೆ. ಕೊನೆಗೆ ಮುದುಕಿಯೊಬ್ಬಳು ಬಂದು, ಎರಡು ವಿದ್ಯುತ್ ಫ್ಯಾನುಗಳನ್ನು ಕೊಟ್ಟರೆ ಗಾಳಿಯನ್ನು ಕರೆಯುತ್ತೇನೆ ಎನ್ನುತ್ತಾಳೆ. ಮರಳಿನ ಮೇಲೆ ಏನೋ ಒಂದು ಗುರುತು ಬರೆಯುತ್ತಾಳೆ. ಆ ವರ್ಷ ವೆನಿಸ್ ಉತ್ಸವ ಅವರ ಜೀವಮಾನದ ಕೆಲಸಕ್ಕೆ ಚಿನ್ನದ ಸಿಂಹ ಕೊಟ್ಟಿತು. ಮರುವರ್ಷ ಜೂನ್ 4ರಂದು ಬೀಜಿಂಗಿನ ತಿಯಾನನ್‌ಮೆನ್ ಚೌಕದ ಸುತ್ತ ಸೈನ್ಯ ಗುಂಡು ಹಾರಿಸಿತು. ಜೂನ್ 28ರಂದು ಇವೆನ್ಸ್ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಚಿತ್ರದಲ್ಲಿ ಮಾತ್ರ ಗಾಳಿ ಬರುತ್ತದೆ. ಮರಳು ಮೇಲೇಳುತ್ತದೆ, ಬಟ್ಟೆಗಳು ಪಟಪಟಿಸುತ್ತವೆ, ಜನ ಚೆದುರುತ್ತಾರೆ. ಮುದುಕ ಎದ್ದು, ಕುರ್ಚಿಯನ್ನು ಅಲ್ಲೇ ಬಿಟ್ಟು, ಮರಳಿನ ಮೇಲೆ ನಡೆದು ಹೋಗುತ್ತಾರೆ.